ಹಿಟ್ ಹಾಡಿನಿಂದ ಹಿಂದಕ್ಕೆ: ಸಿಂಥ್ ಪಾಪ್ ತಂಡದ ಮೊದಲ ಆಲ್ಬಂಗಳನ್ನು ಕೇಳುವ ಬಗೆ

1981ರ ಕ್ರಿಸ್‌ಮಸ್ ಹೊತ್ತಿಗೆ ಬ್ರಿಟನ್ನಿನ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದದ್ದು ಹ್ಯೂಮನ್ ಲೀಗ್ ತಂಡದ ‘ಡೋಂಟ್ ಯೂ ವಾಂಟ್ ಮಿ’. ಮರುವರ್ಷ ಜುಲೈನಲ್ಲಿ ಅದು ಅಮೆರಿಕದಲ್ಲೂ ಮೊದಲ ಸ್ಥಾನಕ್ಕೇರಿತು. ಈ ತಂಡದ ಹೆಸರು ನಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ಈ ಹಾಡಿನಿಂದ, ಇಲ್ಲವೇ 1986ರ ‘ಹ್ಯೂಮನ್’ ಹಾಡಿನಿಂದ. ಆ ಪ್ರೀತಿಯಲ್ಲಿ, ಎಷ್ಟೋ ವರ್ಷಗಳ ನಂತರ, ಅದೇ ತಂಡದ 1979ರ ಆಲ್ಬಂ ‘ರಿಪ್ರೊಡಕ್ಷನ್’ ಹಾಕಿದವರಿಗೆ ಎರಡೇ ನಿಮಿಷದಲ್ಲಿ ಅನುಮಾನ ಬರುತ್ತದೆ, ಬೇರೆ ಯಾವುದೋ ತಂಡದ್ದು ಹಾಕಿದೆನೇನೋ ಎಂದು. ಜೊತೆಗೆ ಹಾಡುವ ಹೆಣ್ಣು ದನಿಗಳಿಲ್ಲ. ಡ್ರಮ್ಮಿನ ಜಾಗದಲ್ಲಿ ಚುಸ್ ಚುಸ್ ಎನ್ನುವ ಸದ್ದು. ಒಬ್ಬನೇ ಗಂಡಸಿನ ಗಡಸು ಗಂಟಲು, ಸುತ್ತ ಯಂತ್ರಗಳು. ಬಹಳ ಮಂದಿ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ.

ಹಾಗೆ ನಿಲ್ಲಿಸಬಾರದು ಎಂಬ ಆಸೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಸಿಂಥಸೈಜರಿನ ಮೇಲೆ ಪಾಪ್ ಹಾಡು ಕಟ್ಟುವ ಸಿಂಥ್ ಪಾಪ್ ತಂಡಗಳ ಆರಂಭದ ಆಲ್ಬಂಗಳನ್ನು ‘ಇನ್ನೂ ಪಳಗದವರ ಕೆಲಸ’ ಎಂದು ಬದಿಗಿಡುವುದು ವಾಡಿಕೆ. ನನ್ನ ಮಟ್ಟಿಗೆ ಅದು ತಪ್ಪು ಲೆಕ್ಕ. ಆ ಆಲ್ಬಂಗಳಲ್ಲಿ ಕೇಳುವುದು ಅರೆಬೆಂದ ಹಿಟ್ ಹಾಡುಗಳನ್ನಲ್ಲ. ಆಗ ಕೈಗೆ ಸಿಕ್ಕ ಯಂತ್ರ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ಹಾಡಿನೊಳಗೇ ಪರೀಕ್ಷಿಸುತ್ತಿದ್ದವರ ಕೆಲಸವನ್ನು. ಯಂತ್ರ ಯಾವುದು, ಅದರ ಮುಂದೆ ಕೂತವರು ಯಾರು ಎಂದು ತಿಳಿದುಕೊಂಡರೆ ಕಿವಿ ತಾನಾಗಿ ತೆರೆದುಕೊಳ್ಳುತ್ತದೆ.

ಮೊದಲು, ಇವು ನಮಗೆ ತಡವಾಗಿ ಸಿಗುವುದು ಏಕೆ? ‘ರಿಪ್ರೊಡಕ್ಷನ್’ ಬಿಡುಗಡೆಯಾದಾಗ ಬ್ರಿಟನ್ನಿನ ಪಟ್ಟಿಗೇ ಬರಲಿಲ್ಲ. 1981ರಲ್ಲಿ ತಂಡ ಗೆದ್ದ ಮೇಲಷ್ಟೇ ಜನ ಹಿಂದಕ್ಕೆ ಹೋಗಿ ಅದನ್ನು ಕೊಂಡರು. ಅಲ್ಲೇ ಮಾರಾಟವಾಗದ ಆಲ್ಬಂ ಇಲ್ಲಿಗೆ ಬರುವುದೆಲ್ಲಿಂದ? ಭಾರತದಲ್ಲಿ ಆಗ ವಿದೇಶಿ ಆಲ್ಬಂ ಅಂಗಡಿಗೆ ಬರಬೇಕಾದರೆ ಇಲ್ಲಿನ ಕಂಪನಿಯೊಂದು ಪರವಾನಗಿ ಪಡೆದು ಒತ್ತಿಸಬೇಕಿತ್ತು. ಖರ್ಚಾಗುವ ಭರವಸೆ ಇದ್ದದ್ದನ್ನೇ ಅವರು ಆರಿಸುತ್ತಿದ್ದರು. ನಾನಿರುವ ಕೇರಳಕ್ಕೆ ಇನ್ನೊಂದು ದಾರಿಯೂ ಇತ್ತು: ಗಲ್ಫ್‌ನಿಂದ ರಜೆಗೆ ಬಂದವರ ಪೆಟ್ಟಿಗೆಯಲ್ಲಿ ಟೂ-ಇನ್-ಒನ್ ಜೊತೆ ಬರುತ್ತಿದ್ದ ಕ್ಯಾಸೆಟ್‌ಗಳು. ಅವುಗಳಲ್ಲೂ ಹೆಚ್ಚಿನವು ಹತ್ತು ತಂಡಗಳ ಹತ್ತು ಹಿಟ್‌ಗಳನ್ನು ಒಟ್ಟು ಹಾಕಿದವು. ಹೀಗಾಗಿ ಒಂದು ತಂಡ ಎಂದರೆ ನಮಗೆ ಒಂದು ಹಾಡು, ಹೆಚ್ಚೆಂದರೆ ಒಂದು ಆಲ್ಬಂ. ಅದಕ್ಕೂ ಹಿಂದೆ ಆ ತಂಡದ್ದೇ ಬೇರೊಂದು ಬದುಕಿದ್ದಿರಬಹುದೆಂದು ಯಾರಿಗೆ ತೋಚುತ್ತದೆ?

ಆ ಬದುಕನ್ನು ತಿಳಿಯಲು ಆಲ್ಬಂ ಹೊದಿಕೆಯ ಹಿಂಬದಿ ಓದಬೇಕು. ಹಾಡು ಕೇಳುವ ಮೊದಲು ಒಂದು ಹಾಳೆ ತೆಗೆದುಕೊಂಡು ಪ್ರತಿ ಆಲ್ಬಂ ಎದುರು ವರ್ಷ, ನುಡಿಸಿದವರು, ನಿರ್ಮಾಪಕ, ಈ ಮೂರನ್ನು ಬರೆಯಿರಿ. ಹೆಸರುಗಳು ಎಲ್ಲಿ ಬದಲಾಗುತ್ತವೋ ಅಲ್ಲಿ ಗೆರೆ ಎಳೆಯಿರಿ. ಹ್ಯೂಮನ್ ಲೀಗ್ ವಿಷಯದಲ್ಲಿ ಆ ಗೆರೆ 1980ರ ಕೊನೆಗೆ ಬೀಳುತ್ತದೆ. ತಂಡ ಕಟ್ಟಿದ, ಉಕ್ಕಿನ ಊರು ಶೆಫೀಲ್ಡ್‌ನ ಮಾರ್ಟಿನ್ ವೇರ್, ಇಯನ್ ಕ್ರೇಗ್ ಮಾರ್ಷ್ ಇಬ್ಬರೂ ಕಂಪ್ಯೂಟರ್ ಆಪರೇಟರ್‌ಗಳು. ಹಾಡುವುದಕ್ಕೆ ಅವರು ಕರೆತಂದ ಫಿಲಿಪ್ ಓಕಿ, ಆಸ್ಪತ್ರೆಯಲ್ಲಿ ಪೋರ್ಟರ್ ಕೆಲಸ ಮಾಡುತ್ತಿದ್ದವನು, ಅದಕ್ಕೂ ಮುಂಚೆ ಯಾವ ತಂಡದಲ್ಲೂ ಹಾಡಿದವನಲ್ಲ. ನಾಲ್ಕನೆಯವನು ಫಿಲಿಪ್ ಏಡ್ರಿಯನ್ ರೈಟ್. ಅವನ ಕೆಲಸ ವೇದಿಕೆಯ ಹಿಂದೆ ಸ್ಲೈಡ್‌ಗಳನ್ನು ತೋರಿಸುವುದು. ಯಂತ್ರಗಳ ಮುಂದೆ ಅಲುಗಾಡದೆ ನಿಂತ ಮೂವರನ್ನು ಎಷ್ಟು ಹೊತ್ತು ನೋಡುವುದು, ಆದ್ದರಿಂದ ಚಿತ್ರ ತೋರಿಸುವವನೂ ತಂಡದ ಪೂರ್ಣ ಸದಸ್ಯ.

1980ರಲ್ಲಿ ಒಡಕು ಬಂತು. ಯುರೋಪ್ ಪ್ರವಾಸ ಎದುರಿಗೇ ಇರುವಾಗ ವೇರ್ ಮತ್ತು ಮಾರ್ಷ್ ಹೊರಬಿದ್ದರು. ತಂಡದ ಹೆಸರು, ರೆಕಾರ್ಡ್ ಕಂಪನಿಗೆ ಕೊಡಬೇಕಿದ್ದ ಬಾಕಿ, ಎರಡೂ ಓಕಿಯ ಪಾಲಿಗೆ ಬಂದವು. ಹೆಸರು ಬಿಟ್ಟುಕೊಟ್ಟದ್ದಕ್ಕೆ ಮುಂದಿನ ಆಲ್ಬಂನ ರಾಯಲ್ಟಿಯಲ್ಲಿ ಶೇಕಡಾ 1ರಷ್ಟು ವೇರ್ ಕಡೆಗೆ ಎಂದು ಒಪ್ಪಂದವಾಯಿತು. ಆ ಮುಂದಿನ ಆಲ್ಬಂ ‘ಡೋಂಟ್ ಯೂ ವಾಂಟ್ ಮಿ’ ಇರುವ ‘ಡೇರ್’ ಆಗುತ್ತದೆಂದು ಆಗ ಯಾರಿಗೆ ಗೊತ್ತಿತ್ತು. ಪ್ರವಾಸಕ್ಕೆ ಜನ ಬೇಕಲ್ಲ, ಓಕಿ ಕ್ರೇಜಿ ಡೇಸಿ ಎಂಬ ಕ್ಲಬ್ಬಿನಲ್ಲಿ ಕುಣಿಯುತ್ತಿದ್ದ ಇಬ್ಬರು ಶಾಲಾ ಹುಡುಗಿಯರನ್ನು, ಸೂಸನ್ ಆ್ಯನ್ ಸಲ್ಲಿ ಮತ್ತು ಜೊಆ್ಯನ್ ಕ್ಯಾಥರಲ್‌ರನ್ನು, ಸೇರಿಸಿಕೊಂಡ. ಸ್ಲೈಡ್ ತೋರಿಸುತ್ತಿದ್ದ ರೈಟ್ ಕೀಬೋರ್ಡಿಗೆ ಬಂದ; ‘ಡೋಂಟ್ ಯೂ ವಾಂಟ್ ಮಿ’ ಬರೆದ ಮೂವರಲ್ಲಿ ಅವನೂ ಒಬ್ಬ. ಅಂದರೆ ಹೊದಿಕೆಯ ಮೇಲೆ ಒಂದೇ ಹೆಸರು, ಒಳಗೆ ಎರಡು ತಂಡ.

ಇದು ಒಬ್ಬರದೇ ಕಥೆಯಲ್ಲ. ಅಲ್ಟ್ರಾವಾಕ್ಸ್ ಎಂದರೆ 1980ರ ‘ವಿಯೆನ್ನಾ’, ಮಿಜ್ ಯೂರ್‌ನ ಕಂಠ. ಆದರೆ ಅದಕ್ಕೂ ಹಿಂದಿನ ಮೂರು ಆಲ್ಬಂಗಳಲ್ಲಿ ಹಾಡಿದವನು ಜಾನ್ ಫಾಕ್ಸ್. ಡೆಪಿಷ್ ಮೋಡ್‌ನ ಮೊದಲ ಆಲ್ಬಂ ‘ಸ್ಪೀಕ್ ಆ್ಯಂಡ್ ಸ್ಪೆಲ್’ನ ಹೆಚ್ಚಿನ ಹಾಡುಗಳನ್ನು ಬರೆದ ವಿನ್ಸ್ ಕ್ಲಾರ್ಕ್ ಅದೇ ವರ್ಷ, 1981ರಲ್ಲೇ, ತಂಡ ಬಿಟ್ಟ. ಇವರೆಲ್ಲರಿಗೂ ಗುರುಸ್ಥಾನದಲ್ಲಿರುವ ಜರ್ಮನಿಯ ಕ್ರಾಫ್ಟ್‌ವೆರ್ಕ್ ತನ್ನ ಮೊದಲ ಮೂರು ಆಲ್ಬಂಗಳನ್ನು (1970, 1972, 1973) ಅಧಿಕೃತವಾಗಿ ಮರುಬಿಡುಗಡೆ ಮಾಡುವ ಗೊಡವೆಗೇ ಹೋಗಿಲ್ಲ.

ನಮ್ಮ ಕಡೆ ಹೀಗೆ ಹೆಸರು ಹಿಡಿದು ಹಿಂದಕ್ಕೆ ಹೋಗುವ ಕೆಲಸ ಇನ್ನೂ ಕಷ್ಟ, ಯಾಕೆಂದರೆ ಇಲ್ಲಿ ಸಿಂಥಸೈಜರ್ ಬಂದದ್ದು ಸಿನಿಮಾ ರೆಕಾರ್ಡಿಂಗಿನ ಬಾಗಿಲಿನಿಂದ. ನುಡಿಸಿದವನ ಹೆಸರು ಹೊದಿಕೆಯ ಮೇಲೆ ಇರುವುದಿಲ್ಲ. ಕೊಚ್ಚಿಯವರಾದ ಸಂಗೀತ ನಿರ್ದೇಶಕ ಎಂ. ಕೆ. ಅರ್ಜುನನ್ 1981ರಲ್ಲಿ ತಮ್ಮ ಮಲಯಾಳಂ ಚಿತ್ರವೊಂದಕ್ಕೆ ಕೀಬೋರ್ಡ್ ನುಡಿಸಲು ಒಬ್ಬ ಹುಡುಗನಿಗೆ ಅವಕಾಶ ಕೊಟ್ಟರು. ಅಗಲಿದ ಗೆಳೆಯ, ಸಂಗೀತ ನಿರ್ದೇಶಕ ಆರ್. ಕೆ. ಶೇಖರ್ ಅವರ ಮಗ ದಿಲೀಪ್, ಮುಂದೆ ಎ. ಆರ್. ರೆಹಮಾನ್. 1992ರ ‘ರೋಜಾ’ದಿಂದ ಅವರನ್ನು ಬಲ್ಲವರು ಹಿಂದಕ್ಕೆ ಹೋಗಬೇಕಾದರೆ ಬೇರೆಯವರ ಚಿತ್ರಗಳಲ್ಲಿ, ಬೇರೆಯವರ ಹೆಸರಿನಡಿ ಹುಡುಕಬೇಕು. ಕನ್ನಡದ ಕಿವಿಗೆ ಸಿಂಥ್ ಸದ್ದನ್ನು ಮನೆಮಾತು ಮಾಡಿದ 1987ರ ‘ಪ್ರೇಮಲೋಕ’ದ ಹಂಸಲೇಖ ಕೂಡ ಅದಕ್ಕೂ ಹಿಂದೆ ‘ನಾನು ನನ್ನ ಹೆಂಡ್ತಿ’ಯಲ್ಲಿ (1985) ಗೀತರಚನಕಾರರಾಗಿ ಮಾತ್ರ ಕಾಣುತ್ತಾರೆ. ಈ ವಿಷಯದಲ್ಲಿ ತಂಡಗಳ ಅಭಿಮಾನಿಗಳು ಪುಣ್ಯವಂತರು. ಅವರಿಗೆ ಹಿಂಬದಿಯ ಸಣ್ಣ ಅಕ್ಷರಗಳಾದರೂ ಇವೆ.

ಈಗ ಕೇಳುವ ಕ್ರಮ. ಮೊದಲ ಆಲ್ಬಂನಿಂದಲೇ ಶುರು ಮಾಡೋಣ ಎಂದು ಅನಿಸುತ್ತದೆ. ಬೇಡ. ಪರಿಚಿತ ಆಲ್ಬಂನಿಂದ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯಿರಿ: 1981ರ ‘ಡೇರ್’, ಅಲ್ಲಿಂದ 1980ರ ‘ಟ್ರಾವೆಲಾಗ್’, ಅಲ್ಲಿಂದ 1979ರ ‘ರಿಪ್ರೊಡಕ್ಷನ್’, ಕೊನೆಗೆ 1978ರ ಮೊದಲ ಸಿಂಗಲ್ ‘ಬೀಯಿಂಗ್ ಬಾಯ್ಲ್ಡ್’. ಹೀಗೆ ಇಳಿಯುವಾಗ ಪ್ರತಿ ಮೆಟ್ಟಿಲಿಗೂ ಏನೋ ಒಂದು ಕಳಚಿಕೊಳ್ಳುತ್ತದೆ, ಕಳಚಿದ್ದು ಏನೆಂದು ಕಿವಿಗೆ ತಿಳಿಯುತ್ತದೆ. ‘ಡೇರ್’ನಿಂದ ‘ಟ್ರಾವೆಲಾಗ್’ಗೆ ಬಂದರೆ ಹೆಣ್ಣು ದನಿಗಳು ಹೋದವು, ಡ್ರಮ್ಮೂ ಹೋಯಿತು. ಆ ಡ್ರಮ್ಮಿನ ಸಂಗತಿ ಸ್ವಲ್ಪ ಬಿಡಿಸಿ ಹೇಳಬೇಕು.

‘ಡೇರ್’ನ ನಿರ್ಮಾಪಕ ಮಾರ್ಟಿನ್ ರಷೆಂಟ್ ಬಳಸಿದ್ದು ಲಿನ್ ಎಲ್‌ಎಂ-1 ಎಂಬ ಪೆಟ್ಟಿಗೆ. ರೋಜರ್ ಲಿನ್ 1980ರಲ್ಲಿ ಹೊರತಂದ ಈ ಯಂತ್ರದ ಚಿಪ್‌ಗಳಲ್ಲಿ ನಿಜವಾದ ಡ್ರಮ್ಮಿನ ಏಟುಗಳನ್ನು ಮುದ್ರಿಸಿ ಇಟ್ಟಿದ್ದರು. ಗುಂಡಿ ಒತ್ತಿದರೆ ಬರುವುದು ನಿಜವಾದ ಚರ್ಮವಾದ್ಯದ ದನಿ. ತಯಾರಾದವು ಐನೂರು ಚಿಲ್ಲರೆ ಮಾತ್ರ, ಬೆಲೆಯೂ ಹಾಗೇ ಇತ್ತು. ಅದಕ್ಕೂ ಹಿಂದಿನ ಆಲ್ಬಂಗಳ ಕಾಲಕ್ಕೆ ಇಂಥದ್ದು ಇರಲೇ ಇಲ್ಲ. ವೇರ್ ಮತ್ತು ಮಾರ್ಷ್ ಡ್ರಮ್ಮನ್ನು ಸಿಂಥಸೈಜರಿನಲ್ಲೇ ಕಟ್ಟಬೇಕಿತ್ತು.

ಕಟ್ಟುವುದು ಹೇಗೆಂದರೆ: ಸಿಂಥಸೈಜರಿನಲ್ಲಿ ಮೂರು ಹಂತ. ಆಸಿಲೇಟರ್ ದನಿ ಹುಟ್ಟಿಸುತ್ತದೆ. ಫಿಲ್ಟರ್ ಅದರಲ್ಲಿ ಬೇಡವಾದ ಅಂಶವನ್ನು ಸೋಸುತ್ತದೆ. ಎನ್ವೆಲಪ್ ಎಂಬುದು ದನಿ ಎಷ್ಟು ಬೇಗ ಏರಬೇಕು, ಎಷ್ಟು ಹೊತ್ತಿನಲ್ಲಿ ಇಳಿಯಬೇಕು ಎಂದು ತೀರ್ಮಾನಿಸುತ್ತದೆ. ದಪ್ಪ ಡ್ರಮ್ ಬೇಕೇ? ಆಸಿಲೇಟರಿನಿಂದ ಬಹಳ ತಗ್ಗಿನ ಸ್ವರ ತೆಗೆದು, ಅದರ ಸ್ಥಾಯಿ ಕ್ಷಣಮಾತ್ರದಲ್ಲಿ ಕೆಳಗೆ ಜಾರುವಂತೆ ಮಾಡಬೇಕು, ‘ದುಂ’ ಎನ್ನುತ್ತದೆ. ಸ್ನೇರ್ ಬೇಕಾದರೆ ಸ್ವರವೇ ಬೇಡ, ರೇಡಿಯೊದಲ್ಲಿ ಸ್ಟೇಷನ್ ಸಿಗದಾಗ ಕೇಳುವಂಥ ಸುಯ್ಯೆನ್ನುವ ಸದ್ದನ್ನು ತೆಗೆದು, ಎನ್ವೆಲಪ್ಪಿನಿಂದ ಅದನ್ನು ಚೂರು ಚೂರಾಗಿ ಕತ್ತರಿಸಬೇಕು, ‘ಚುಸ್’ ಎನ್ನುತ್ತದೆ. ‘ರಿಪ್ರೊಡಕ್ಷನ್’ನಲ್ಲಿ ಮೊದಲ ಸಲ ಕಿವಿಗೆ ಒರಟಾಗಿ ಬಡಿಯುವುದು ಈ ಸದ್ದೇ. ಇದರ ಮೇಲೆ ಇನ್ನೊಂದು ಮಿತಿ: ಅವರ ಬಳಿಯಿದ್ದ ಕೊರ್ಗ್ ಮತ್ತು ರೋಲ್ಯಾಂಡ್ ಸಿಸ್ಟಮ್ 100 ಸಿಂಥಸೈಜರ್ ಎರಡರಲ್ಲೂ ಒಮ್ಮೆಗೆ ಒಂದೇ ಸ್ವರ ನುಡಿಯುತ್ತಿತ್ತು. ಹಾರ್ಮೋನಿಯಂನಂತೆ ಮೂರು ಮನೆ ಒಟ್ಟಿಗೆ ಒತ್ತಿದರೆ ಕೆಲಸ ನಡೆಯದು. ಒಂದೊಂದೇ ಎಳೆಯನ್ನು ಟೇಪಿನ ಮೇಲೆ ಪೇರಿಸಿ ಹಾಡು ಮಾಡಬೇಕಿತ್ತು. ಸಿಸ್ಟಮ್ 100ರ ಸೀಕ್ವೆನ್ಸರಿನಲ್ಲಿ ಒಂದು ಸಾಲಿಗೆ ಹನ್ನೆರಡು ಹೆಜ್ಜೆ. ಒಂದೊಂದು ಹೆಜ್ಜೆಯ ಸ್ವರವನ್ನೂ ಗುಂಡಿ ತಿರುಗಿಸಿ ಹೊಂದಿಸಬೇಕು, ಓಡಲು ಬಿಟ್ಟರೆ ಅದೇ ಸಾಲು ಸುತ್ತುತ್ತಲೇ ಇರುತ್ತದೆ.

ನಾನಿರುವ, ಕೊಚ್ಚಿ ಪಕ್ಕದ ತ್ರಿಪ್ಪುಣಿತ್ತುರದಲ್ಲಿ, ನಮ್ಮ ಪಕ್ಕದ ಮನೆಯಲ್ಲೇ ಕಾಸರಗೋಡು ಕಡೆಯ ಮೃದಂಗದ ಮಾಷ್ಟ್ರು ಒಬ್ಬರಿದ್ದಾರೆ. ಇಲ್ಲಿನ ಆರ್‌ಎಲ್‌ವಿ ಸಂಗೀತ ಕಾಲೇಜಿನ ಹುಡುಗರು ಅವರಲ್ಲಿಗೆ ಪಾಠಕ್ಕೆ ಬರುತ್ತಾರೆ. ಅವರಿಗೆ ‘ಟ್ರಾವೆಲಾಗ್’ ಕೇಳಿಸಿದೆ. ಕಣ್ಣು ಮುಚ್ಚಿ ಬೆರಳೆಣಿಸುತ್ತಾ ಕೂತವರು ಎರಡನೆಯ ಹಾಡಿಗೆ ಹೇಳಿದರು: “ಇದರಲ್ಲಿ ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ವ್ಯತ್ಯಾಸವೇ ಇಲ್ಲ ಮಾರಾಯ್ರೆ. ಕಾಲವೂ ಏರುವುದಿಲ್ಲ. ಹಾಗಾದರೆ ಬದಲಾಗುವುದು ಎಂಥ?” ವೃಶ್ಚಿಕೋತ್ಸವದಲ್ಲಿ ಪೂರ್ಣತ್ರಯೀಶ ದೇವಸ್ಥಾನದ ಅಂಗಳದಲ್ಲಿ ಪಂಚಾರಿ ಮೇಳ ಕೇಳಿದ ಕಿವಿ ಅದು. 96 ಅಕ್ಷರದ ನಿಧಾನ ಕಾಲದಿಂದ 48, 24, 12 ಎಂದು ಇಳಿದು 6ಕ್ಕೆ ಬರುವಷ್ಟರಲ್ಲಿ ಗಂಟೆಗಳೇ ಕಳೆದಿರುತ್ತವೆ, ಮೇಳದ ಜೀವ ಇರುವುದೇ ಆ ಏರಿಕೆಯಲ್ಲಿ. ಸೀಕ್ವೆನ್ಸರಿಗೆ ಆ ಏರಿಕೆ ಗೊತ್ತಿಲ್ಲ. ಆದರೆ ಮಾಷ್ಟ್ರು ಕೇಳಿದ ಪ್ರಶ್ನೆಯೇ ಈ ಆಲ್ಬಂಗಳ ಕೀಲಿಕೈ. ಪೆಟ್ಟು ಬದಲಾಗದು, ಕಾಲ ಬದಲಾಗದು. ಬದಲಾಗುವುದು ದನಿಯ ಬಣ್ಣ. ಅದೇ ಸ್ವರಸಾಲು ಸುತ್ತುತ್ತಿರುವಾಗ ಯಾರೋ ಫಿಲ್ಟರಿನ ಗುಂಡಿಯನ್ನು ನಿಧಾನವಾಗಿ ತಿರುಗಿಸುತ್ತಿರುತ್ತಾರೆ. ಮಂಕಾಗಿದ್ದ ದನಿ ತೆರೆದುಕೊಂಡು ಹರಿತವಾಗುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಅಲ್ಲಿ ಮನುಷ್ಯನ ಕೈ ಇದೆ. ಅದನ್ನು ಹಿಡಿದ ಮೇಲೆ ‘ಯಂತ್ರದ ಸಂಗೀತ’ ಎಂದು ದೂರುವ ಮನಸ್ಸಾಗುವುದಿಲ್ಲ. ಮಾಷ್ಟ್ರು ಒಪ್ಪಿದರು ಎನ್ನಲಾರೆ, ಆದರೆ ಆಲ್ಬಂ ಮುಗಿಯುವ ತನಕ ಎದ್ದು ಹೋಗಲಿಲ್ಲ.

ಕಿವಿ ಪಳಗಿಸಲು ಇನ್ನೊಂದು ಉಪಾಯ ಆ ಆಲ್ಬಂಗಳ ಒಳಗೇ ಇದೆ. ಆರಂಭದ ತಂಡಗಳು ಬೇರೆಯವರ ಪ್ರಸಿದ್ಧ ಹಾಡೊಂದನ್ನು ತಮ್ಮ ಯಂತ್ರದ ಮೇಲೆ ಹಾಡಿರುವುದು ಹೆಚ್ಚು. ‘ರಿಪ್ರೊಡಕ್ಷನ್’ನಲ್ಲಿ ರೈಚಸ್ ಬ್ರದರ್ಸ್‌ನ 1964ರ ‘ಯೂ ಹ್ಯಾವ್ ಲಾಸ್ಟ್ ದಟ್ ಲವಿಂಗ್ ಫೀಲಿಂಗ್’ ಇದೆ. ಮೂಲದಲ್ಲಿ ನಿರ್ಮಾಪಕ ಫಿಲ್ ಸ್ಪೆಕ್ಟರ್ ಕೋಣೆ ತುಂಬ ವಾದ್ಯಗಾರರನ್ನು ಕೂರಿಸಿ ಕಟ್ಟಿದ ಭಾರೀ ನಾದ. ಇಲ್ಲಿ ಅದೇ ರಾಗಕ್ಕೆ ಎರಡು ಮೂರು ತೆಳು ಎಳೆಗಳು, ಸುತ್ತ ಖಾಲಿ. ಮೂಲ ಮೊದಲು, ಇದು ನಂತರ, ಹೀಗೆ ಒಂದರ ಹಿಂದೆ ಒಂದು ಕೇಳಿ. ರಾಗ ಮೊದಲೇ ಗೊತ್ತಿರುವುದರಿಂದ ಗಮನವೆಲ್ಲ ಯಂತ್ರದ ಮೇಲೆ ಹೋಗುತ್ತದೆ. ನಮ್ಮವರೊಬ್ಬರು ರಾಗಗಳಿಗೇ ಇದನ್ನು ಮಾಡಿದ್ದಾರೆ. ಮುಂಬೈಯ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳ ಮೇಲೆ ಭೈರವ್, ಲಲಿತ್, ತೋಡಿ, ಮಾಲ್‌ಕೌಂಸ್ ಮೊದಲಾದ ಹತ್ತು ರಾಗಗಳನ್ನು ನುಡಿಸಿದ ಎಲ್‌ಪಿಯನ್ನು ಆಗ ಕೇಳಿದವರು ಕಡಿಮೆ. 2010ರಲ್ಲಿ ನೆದರ್‌ಲ್ಯಾಂಡ್ಸ್‌ನ ಚಿಕ್ಕ ಕಂಪನಿಯೊಂದು ಮರುಬಿಡುಗಡೆ ಮಾಡಿದ ಮೇಲೆ ಲೋಕವೇ ಕಿವಿಗೊಟ್ಟಿತು.

ಹಿಂದಕ್ಕೆ ಇಳಿಯುವವರು ಎಡವುವುದು ಒಂದೇ ಹಾಡಿನ ಹಲವು ಮುದ್ರಣಗಳಲ್ಲಿ. ‘ಬೀಯಿಂಗ್ ಬಾಯ್ಲ್ಡ್’ ಅನ್ನೇ ನೋಡಿ. ಮೊದಲ ಮುದ್ರಣ 1978ರಲ್ಲಿ ಪಾಳುಬಿದ್ದ ಕಾರ್ಖಾನೆಯೊಂದರಲ್ಲಿ, ಮನೆಬಳಕೆಯ ಟೇಪ್ ರೆಕಾರ್ಡರಿನಲ್ಲಿ, ಮೋನೊದಲ್ಲಿ ಆಯಿತು. ಖರ್ಚು ಎರಡೂವರೆ ಪೌಂಡ್. ಎಡಿನ್‌ಬರೋದ ಫಾಸ್ಟ್ ಪ್ರಾಡಕ್ಟ್ ಕಂಪನಿ ಅದನ್ನು ಹೊರತಂದಿತು. ‘ಟ್ರಾವೆಲಾಗ್’ನಲ್ಲಿರುವುದು ಅದೇ ಹಾಡಿನ ಎರಡನೆಯ ಮುದ್ರಣ, ಕಹಳೆಯಂಥ ಸಿಂಥ್ ದನಿಗಳಿಂದ ತುಂಬಿದ್ದು. ನನಗೆ ಮೊದಲನೆಯದೇ ಮೇಲು. ಅದರಲ್ಲಿ ಒಂದು ಸದ್ದಿಗೂ ಇನ್ನೊಂದಕ್ಕೂ ನಡುವೆ ಜಾಗವಿದೆ, ಆ ಜಾಗ ಮೈ ಜುಮ್ಮೆನಿಸುತ್ತದೆ. 1982ರ ಜನವರಿಯಲ್ಲಿ ಮರುಬಿಡುಗಡೆಯಾದಾಗ ಹಾಡು ಬ್ರಿಟನ್ನಿನಲ್ಲಿ 6ನೆಯ ಸ್ಥಾನಕ್ಕೆ ಬಂತು.

ಈ ಹಾಡಿನ ವಸ್ತು ಕನ್ನಡದವರಿಗೆ ತೀರ ಹತ್ತಿರದ್ದು: ರೇಷ್ಮೆ ಸಾಕಣೆ. ರಾಮನಗರದ ಗೂಡಿನ ಮಾರುಕಟ್ಟೆಯಿಂದ ಬಿಚ್ಚಾಣಿಕೆದಾರರು ಕೊಂಡೊಯ್ದ ಗೂಡುಗಳನ್ನು ಕುದಿಯುವ ನೀರಿಗೆ ಹಾಕುತ್ತಾರೆ. ಗೂಡನ್ನು ಬಿಗಿದ ಅಂಟು ಮೆತ್ತಗಾಗಿ ಎಳೆಯ ತುದಿ ಸಿಗುತ್ತದೆ. ಒಳಗಿನ ಹುಳು ಚಿಟ್ಟೆಯಾಗಿ ಗೂಡು ಕೊರೆದು ಹೊರಬಂದರೆ ಎಳೆ ತುಂಡಾಗುತ್ತದೆ, ಆದ್ದರಿಂದ ಅದಕ್ಕೂ ಮೊದಲೇ ಅದು ಸಾಯಬೇಕು. ಆ ಉಗಿ, ಆ ವಾಸನೆ ರಾಮನಗರ, ಶಿಡ್ಲಘಟ್ಟದ ಬೀದಿಗಳಲ್ಲಿ ನಡೆದವರಿಗೆ ಗೊತ್ತು. ಓಕಿ ಬರೆದದ್ದು ಈ ಕೊಲ್ಲುವಿಕೆಯ ಮೇಲಿನ ಸಿಟ್ಟಿನಿಂದ. ಜೊತೆಗೆ ಬೌದ್ಧ, ಹಿಂದೂ ವಿಚಾರಗಳನ್ನು ಒಂದಕ್ಕೊಂದು ಕಲಸಿಬಿಟ್ಟಿದ್ದಾನೆ. ಆ ಗೊಂದಲವನ್ನು ಅವನೇ ಒಪ್ಪಿಕೊಂಡಿದ್ದಾನೆ. ಶೆಫೀಲ್ಡ್‌ನ ಖಾಲಿ ಕಾರ್ಖಾನೆಯಲ್ಲಿ ಕೂತ ಮೂವರು ಹುಡುಗರು ಗೂಡು ಬೇಯಿಸುವುದರ ಬಗ್ಗೆ ಹಾಡು ಕಟ್ಟಿದರು, ಅದು ಬ್ರಿಟನ್ನಿನ ಎಲೆಕ್ಟ್ರಾನಿಕ್ ಪಾಪ್‌ನ ಮೊದಮೊದಲ ಗುರುತುಗಳಲ್ಲಿ ಒಂದಾಯಿತು. ಇದು ಪ್ರೇಮಗೀತೆಗಳ ತಂಡ ಎಂದುಕೊಂಡಿದ್ದವರಿಗೆ ಇಂಥ ಹಾಡು ಸಿಗುವುದು ಹಿಂದಕ್ಕೆ ಹೋದರೆ ಮಾತ್ರ.

ಇಂದು ಫೋನಿನಲ್ಲೇ ಕೇಳುವವರಿಗೆ ಕೆಲವು ಎಚ್ಚರಿಕೆ. ಆ್ಯಪ್‌ಗಳು ತೋರಿಸುವ ವರ್ಷ ಎಷ್ಟೋ ಸಲ ಮರುಬಿಡುಗಡೆಯದ್ದು; 1979ರ ಆಲ್ಬಂ ಎದುರು ಎರಡು ಸಾವಿರದ ನಂತರದ ಇಸವಿ ಕಂಡರೆ ಗಾಬರಿ ಬೇಡ. ಮರುಬಿಡುಗಡೆಗಳಲ್ಲಿ ಆಲ್ಬಂ ಮುಗಿದ ಮೇಲೂ ಹಾಡುಗಳು ಮುಂದುವರಿಯುತ್ತವೆ. ‘ರಿಪ್ರೊಡಕ್ಷನ್’ ಎಲ್‌ಪಿ ‘ಝೀರೊ ಆ್ಯಸ್ ಎ ಲಿಮಿಟ್’ಗೆ ಮುಗಿಯುತ್ತದೆ, ಆಮೇಲೆ ಬರುವ ‘ಡಿಗ್ನಿಟಿ ಆಫ್ ಲೇಬರ್’ನ ನಾಲ್ಕು ಭಾಗಗಳು ಅದೇ ವರ್ಷದ ಬೇರೆ ಇಪಿಯವು. ಕಂಪನಿಗಳು ಅಕ್ಕರೆಯಿಂದ ಸೇರಿಸಿದ್ದೇ ಸರಿ, ಆದರೆ ಮೊದಲ ಸಲ ಕೇಳುವಾಗ ಎಲ್‌ಪಿ ಮುಗಿದಲ್ಲಿ ನಿಲ್ಲಿಸಿ, ಉಳಿದದ್ದನ್ನು ಮರುದಿನಕ್ಕೆ ಇಡಿ. ಷಫಲ್ ಮತ್ತು ಆಟೊಪ್ಲೇ ಎರಡನ್ನೂ ಆಫ್ ಮಾಡಿ. ಎಲ್‌ಪಿಯ ಒಂದು ಬದಿ ಸುಮಾರು ಇಪ್ಪತ್ತು ನಿಮಿಷ. ಹಾಡುಗಳ ಸಾಲನ್ನು ಆ ಅಳತೆಗೆ ಜೋಡಿಸಿರುತ್ತಾರೆ.

ತ್ರಿಪ್ಪುಣಿತ್ತುರ ಟರ್ಮಿನಲ್‌ನಿಂದ ಆಲುವದವರೆಗೆ ಮೆಟ್ರೊ ದಾರಿ ಸುಮಾರು 28 ಕಿ.ಮೀ. ಕೇಳುತ್ತಾ ಹೋದರೆ ಒಂದು ಇಡೀ ಆಲ್ಬಂ ಆರಾಮವಾಗಿ ಮುಗಿಯುತ್ತದೆ. ಆದರೆ ರೈಲಿನ ಗಡಗಡ ತಗ್ಗಿನ ಸ್ವರಗಳನ್ನು ನುಂಗಿಬಿಡುತ್ತದೆ, ಮತ್ತು ಈ ಹಾಡುಗಳ ಬೆನ್ನೆಲುಬೇ ತಗ್ಗಿನ ಸ್ವರ. ತೀರ್ಪು ಕೊಡುವ ಮೊದಲು ಮನೆಯಲ್ಲಿ, ಹೆಡ್‌ಫೋನ್ ಹಾಕಿ ಇನ್ನೊಮ್ಮೆ ಕೇಳಿ.

ಹಳೆಯ ಎಲ್‌ಪಿ, ಕ್ಯಾಸೆಟ್ಟೇ ಬೇಕೆನ್ನುವವರು ಹೊದಿಕೆಯ ಮೇಲಿನ ಕ್ಯಾಟಲಾಗ್ ಸಂಖ್ಯೆ ನೋಡಿ ಕೊಳ್ಳಬೇಕು. ಬ್ರಿಟನ್ನಿನ ವರ್ಜಿನ್ ಕಂಪನಿಯ ಮುದ್ರಣಗಳಲ್ಲಿ ‘ರಿಪ್ರೊಡಕ್ಷನ್’ ವಿ 2133, ‘ಟ್ರಾವೆಲಾಗ್’ ವಿ 2160, ‘ಡೇರ್’ ವಿ 2192. ತಟ್ಟೆಯ ನಡುವೆ, ಹಾಡು ಮುಗಿದ ಖಾಲಿ ಜಾಗದಲ್ಲಿ ಕೆತ್ತಿದ ಸಂಖ್ಯೆಯೂ ಇದಕ್ಕೆ ಹೊಂದಬೇಕು. ಹೊಂದದಿದ್ದರೆ ಒಳಗೆ ಬೇರೆ ತಟ್ಟೆ ಸೇರಿದೆ ಎಂದರ್ಥ. ಕೊಚ್ಚಿಯಲ್ಲಿ ಇನ್ನೊಂದು ಶತ್ರು ಫಂಗಸ್. ಇಡವಪಾದಿ ಮಳೆಯ ತಿಂಗಳುಗಳಲ್ಲಿ ಮುಚ್ಚಿದ ಕಪಾಟಿನ ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿಯುತ್ತದೆ. ಕೊಳ್ಳುವಾಗ ಕ್ಯಾಸೆಟ್ಟಿನ ಪಾರದರ್ಶಕ ಕಿಟಕಿಯನ್ನು ಬೆಳಕಿಗೆ ಹಿಡಿದು ಸುರುಳಿಯ ಅಂಚು ನೋಡಿ; ಬಿಳಿ ಪುಡಿಯಂಥ ಕಲೆ ಕಂಡರೆ ಬಿಟ್ಟುಬಿಡಿ. ಅದನ್ನು ಹಾಕಿದರೆ ಡೆಕ್ಕಿನ ಹೆಡ್ ಕೆಡುತ್ತದೆ, ಅಲ್ಲಿಂದ ಒಳ್ಳೆಯ ಕ್ಯಾಸೆಟ್‌ಗೂ ಹರಡುತ್ತದೆ. ಮನೆಯಲ್ಲಿ ಇರುವಂಥವನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ, ಎಲ್‌ಪಿಗಳನ್ನು ಗೋಡೆಗೆ ತಾಗದಂತೆ ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಿದರೆ ಬಾಗುತ್ತವೆ.

‘ಬೀಯಿಂಗ್ ಬಾಯ್ಲ್ಡ್’ ತನಕ ಇಳಿದಾಯಿತು ಎಂದುಕೊಳ್ಳೋಣ. ಮೇಲಕ್ಕೆ ಹತ್ತುವಾಗ ಬಂದ ದಾರಿಯಲ್ಲೇ ಹತ್ತಬೇಡಿ. ಹೊರಬಿದ್ದ ವೇರ್ ಮತ್ತು ಮಾರ್ಷ್ ಹೆವನ್ 17 ಎಂಬ ಹೊಸ ತಂಡ ಕಟ್ಟಿ 1981ರ ಸೆಪ್ಟೆಂಬರ್‌ನಲ್ಲಿ ‘ಪೆಂಟ್‌ಹೌಸ್ ಆ್ಯಂಡ್ ಪೇವ್‌ಮೆಂಟ್’ ಹೊರತಂದರು. ಓಕಿಯ ‘ಡೇರ್’ ಬಂದದ್ದು ಅದರ ಮರುತಿಂಗಳು. ಒಂದೇ ಊರಿನ, ಮೊನ್ನೆ ತನಕ ಒಂದೇ ತಂಡದಲ್ಲಿದ್ದವರ ಎರಡು ಆಲ್ಬಂ. ‘ರಿಪ್ರೊಡಕ್ಷನ್’ ಮತ್ತು ‘ಟ್ರಾವೆಲಾಗ್’ ಕಿವಿಯಲ್ಲಿ ಹಸಿಯಾಗಿರುವಾಗಲೇ ಇವೆರಡನ್ನೂ ಒಂದಾದ ಮೇಲೊಂದು ಕೇಳಿ, ಹಳೆಯ ಹ್ಯೂಮನ್ ಲೀಗ್‌ನಿಂದ ಯಂತ್ರ ಹೊಂದಿಸುವ ಕೈ ಎತ್ತ ಹೋಯಿತು, ಹಾಡುವ ಗಂಟಲು ಎತ್ತ ಹೋಯಿತು ಎಂದು ನೀವೇ ಗುರುತಿಸಬಹುದು.